ಬೆನ್ನುಡಿ ಬರೆಯುವ ಕೆಲಸ: ಹಸ್ತಪ್ರತಿಯಿಂದ ರಕ್ಷಾಪುಟದವರೆಗೆ

“ಪುಸ್ತಕ ಪ್ರೆಸ್ಸಿಗೆ ಹೋಗ್ತಿದೆ, ಹಿಂದೆ ಹಾಕೋಕೆ ಒಂದ್ನಾಲ್ಕು ಸಾಲು ಬರೆದುಕೊಡಿ” ಎಂಬ ಮಾತಿನಿಂದ ಈ ಕೆಲಸ ಶುರುವಾಗುತ್ತದೆ. ಆ ನಾಲ್ಕು ಸಾಲು ಯಾವುದು ಎಂದು ಕೇಳದೆ ನಾವು ಬರೆಯಲು ಕೂರುವುದಿಲ್ಲ. ಕೇಳಿದವರ ಮನಸ್ಸಿನಲ್ಲಿ ಇರುವುದು ಪುಸ್ತಕದ ಬಗ್ಗೆ ಪ್ರಕಾಶಕರೇ ಹೇಳುವ ಮಾತಾಗಿರಬಹುದು, ಹಿರಿಯ ಲೇಖಕರೊಬ್ಬರ ಹೆಸರು ಹೊತ್ತ ಮೆಚ್ಚುಗೆಯಾಗಿರಬಹುದು, ಮುಖಪುಟದ ಶೀರ್ಷಿಕೆಯ ಕೆಳಗೆ ಕೂರುವ ಒಂದು ಸಾಲಾಗಿರಬಹುದು, ಆನ್‌ಲೈನ್ ಅಂಗಡಿಯ ಪುಟಕ್ಕೆ ಬೇಕಾದ ವಿವರಣೆಯೂ ಆಗಿರಬಹುದು. ಒಂದಕ್ಕೆ ಬರೆದದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ. ಇದನ್ನು ಮೊದಲೇ ಬಗೆಹರಿಸಿಕೊಳ್ಳದಿದ್ದರೆ ಮೂರು ಸಲ ತಿದ್ದಿದ ಮೇಲೆ “ನಾನು ಕೇಳಿದ್ದು ಇದಲ್ಲ” ಎಂಬ ಉತ್ತರ ಬರುತ್ತದೆ.

ಗೊಂದಲಕ್ಕೆ ಹೆಸರುಗಳೂ ಕಾರಣ. ಬೆನ್ನುಡಿಗೆ ಇಂಗ್ಲಿಷಿನಲ್ಲಿ ಹೇಳುವ ಬ್ಲರ್ಬ್ ಎಂಬ ಪದವನ್ನು 1907ರಲ್ಲಿ ಹುಟ್ಟಿಸಿದವರು ಅಮೆರಿಕದ ಹಾಸ್ಯಬರಹಗಾರ ಜಿಲೆಟ್ ಬರ್ಗೆಸ್. ಪುಸ್ತಕ ವ್ಯಾಪಾರಿಗಳ ಔತಣಕೂಟವೊಂದರಲ್ಲಿ ಹಂಚಿದ ತಮ್ಮ ಪುಸ್ತಕದ ವಿಶೇಷ ಪ್ರತಿಗೆ ಅವರು ಬೇರೆಯೇ ಹೊದಿಕೆ ಮಾಡಿಸಿದ್ದರು. ಅದರ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಕೂಗುವ ಮಿಸ್ ಬೆಲಿಂಡಾ ಬ್ಲರ್ಬ್ ಎಂಬ ಯುವತಿಯ ಚಿತ್ರವಿತ್ತು. ಅತಿಯಾದ ಹೊಗಳಿಕೆಯನ್ನು ಗೇಲಿ ಮಾಡಲು ಹುಟ್ಟಿದ ಹೆಸರು ಹೀಗೆ ಆ ಕಸುಬಿಗೇ ಅಂಟಿಕೊಂಡಿತು. ಈಗ ಬ್ರಿಟನ್ನಿನ ಪ್ರಕಾಶಕರ ಬಾಯಲ್ಲಿ ಬ್ಲರ್ಬ್ ಎಂದರೆ ಹೆಚ್ಚಾಗಿ ಪುಸ್ತಕದ ವಿವರಣೆ, ಅಮೆರಿಕದವರ ಬಾಯಲ್ಲಿ ಹೆಚ್ಚಾಗಿ ಬೇರೊಬ್ಬ ಲೇಖಕರ ಮೆಚ್ಚುಗೆಯ ಮಾತು. ಕನ್ನಡದ ಬೆನ್ನುಡಿ ಎರಡನ್ನೂ ಒಂದೇ ಸೂರಿನಡಿ ಇಟ್ಟುಕೊಂಡಿದೆ. ಹಾಗಾಗಿ ನಾವು ಕೇಳುವ ಮೊದಲ ಪ್ರಶ್ನೆ: ಕೆಳಗೆ ಹೆಸರು ಬರುತ್ತದೆಯೋ ಇಲ್ಲವೋ?

ಹೆಸರಿದ್ದರೆ ಅದು ಅಭಿಪ್ರಾಯ. “ನನಗೆ ಅನ್ನಿಸಿತು” ಎನ್ನುವ ಹಕ್ಕು ಅದಕ್ಕಿದೆ. ಹೆಸರಿಲ್ಲದಿದ್ದರೆ ಅದು ಪ್ರಕಾಶಕರ ಪರಿಚಯದ ಮಾತು, ಅಲ್ಲಿ “ಅದ್ಭುತ” ಎಂದು ಬರೆದರೆ ತಮ್ಮ ಪುಸ್ತಕವನ್ನು ತಾವೇ ಹೊಗಳಿಕೊಂಡಂತೆ. ಮಿಕ್ಕವುಗಳಲ್ಲಿ ಮುನ್ನುಡಿ ಪುಸ್ತಕ ಕೊಂಡಾಗಿರುವವರಿಗೆ ಬರೆದದ್ದು, ಅದನ್ನು ಕತ್ತರಿಸಿ ಹಿಂಬದಿಗೆ ಹಾಕಿದರೆ ಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ತಲೆಬುಡ ತಿಳಿಯುವುದಿಲ್ಲ. ಸಾರಾಂಶ ಕಥೆಯನ್ನು ಕೊನೆಯವರೆಗೂ ಹೇಳುತ್ತದೆ. ಅದು ಸಂಪಾದಕರಿಗೆ, ಅನುವಾದದ ಹಕ್ಕು ಕೇಳುವವರಿಗೆ, ಬಹುಮಾನದ ಸಮಿತಿಗೆ. ಅಡಿಬರಹ ಅಥವಾ ಟ್ಯಾಗ್‌ಲೈನ್ ಶೀರ್ಷಿಕೆಯ ಜೊತೆ ನಿಲ್ಲುವ ಒಂದು ಸಾಲು. ಲಾಗ್‌ಲೈನ್ ಸಿನಿಮಾದವರ ಮಾತು: ಯಾರು, ಏನು ಬೇಕು, ಯಾವುದು ಅಡ್ಡ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳುವುದು. ಬೆನ್ನುಡಿ ಬರೆಯುವ ಮುಂಚೆ ನಮಗಾಗಿಯೇ ಒಂದು ಲಾಗ್‌ಲೈನ್ ಬರೆದುಕೊಳ್ಳುತ್ತೇವೆ. ಅದು ಅಚ್ಚಾಗುವುದಿಲ್ಲ, ಆದರೆ ಅದು ಬರೆಯಲು ಬರದಿದ್ದರೆ ಪುಸ್ತಕ ನಮಗಿನ್ನೂ ದಕ್ಕಿಲ್ಲ ಎಂದೇ ಲೆಕ್ಕ.

ಮುಂದಿನದು ಜಾಗದ ಅಳತೆ. ಎಷ್ಟು ಪದ ಬೇಕು ಎಂದು ಕೇಳಿದರೆ ಸಾಮಾನ್ಯವಾಗಿ “ಇನ್ನೂರು, ಇನ್ನೂರೈವತ್ತು” ಎನ್ನುತ್ತಾರೆ. ಹಿಂಬದಿಯ ಪುಟ ಅಷ್ಟನ್ನು ಹಿಡಿಯುವುದಿಲ್ಲ. ಡೆಮಿ 1/8 ಅಳತೆಯ ಪುಸ್ತಕವೆಂದರೆ ಸುಮಾರು 140 ಮಿಲಿಮೀಟರ್ ಅಗಲ, 216 ಮಿಲಿಮೀಟರ್ ಎತ್ತರ. ಕತ್ತರಿಸುವಾಗ ಒಂದೆರಡು ಮಿಲಿಮೀಟರ್ ಅತ್ತಿತ್ತ ಆಗುವುದರಿಂದ ಸುತ್ತ 15 ಮಿಲಿಮೀಟರ್ ಖಾಲಿ ಬಿಟ್ಟರೆ ಉಳಿಯುವುದು 110 ಅಗಲ, 186 ಎತ್ತರ. ಕೆಳಗೆ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತುಸಂಖ್ಯೆಯ, ಬಾರ್‌ಕೋಡ್ ಬೇಕು. ಅದರ ಪೂರ್ಣ ಅಳತೆ 37.29 ಮಿಲಿಮೀಟರ್ ಅಗಲ, 25.93 ಮಿಲಿಮೀಟರ್ ಎತ್ತರ, ಎಡಬಲದ ಬಿಳಿ ಜಾಗವೂ ಇದರಲ್ಲೇ ಸೇರಿದೆ. ಅದನ್ನು 80 ಪ್ರತಿಶತಕ್ಕಿಂತ ಕುಗ್ಗಿಸಿದರೆ ಸ್ಕ್ಯಾನರ್ ಓದುವ ಭರವಸೆಯಿಲ್ಲ. ಬಾರ್‌ಕೋಡಿಗೆ 35, ಲೇಖಕರ ಭಾವಚಿತ್ರ ಮತ್ತು ಎರಡು ಸಾಲಿನ ಪರಿಚಯಕ್ಕೆ 40 ಮಿಲಿಮೀಟರ್ ಕಳೆದರೆ ಬರಹಕ್ಕೆ ಸಿಗುವುದು 111 ಮಿಲಿಮೀಟರ್ ಎತ್ತರ. ಹನ್ನೊಂದು ಪಾಯಿಂಟ್ ಅಕ್ಷರಕ್ಕೆ ಹದಿನಾರು ಪಾಯಿಂಟ್ ಸಾಲಂತರ ಕೊಟ್ಟರೆ ಹತ್ತೊಂಬತ್ತು ಸಾಲು, ಸಾಲಿಗೆ ಐದಾರು ಪದ. ಎರಡು ಪ್ಯಾರಾಗಳ ನಡುವಿನ ಖಾಲಿ ಸಾಲು, ಅರ್ಧಕ್ಕೇ ನಿಲ್ಲುವ ಸಾಲುಗಳನ್ನು ಕಳೆದರೆ ಉಳಿಯುವುದು ತೊಂಬತ್ತು ಪದ. ಇನ್ನೂರು ಪದ ಬರೆದುಕೊಟ್ಟರೆ ವಿನ್ಯಾಸಕಾರರು ಅಕ್ಷರವನ್ನು ಎಂಟು ಪಾಯಿಂಟಿಗೆ ಇಳಿಸುತ್ತಾರೆ, ಆಮೇಲೆ ಅದನ್ನು ಯಾರೂ ಓದುವುದಿಲ್ಲ. ಆದ್ದರಿಂದ ವಿನ್ಯಾಸಕಾರರ ಬಳಿ ಖಾಲಿ ಹಿಂಬದಿಯ ನಕ್ಷೆ ಕೇಳಿ ತರಿಸಿಕೊಂಡೇ ಬರೆಯಲು ಕೂರುವುದು.

ಹಸ್ತಪ್ರತಿಯನ್ನು ಪೂರ್ತಿ ಓದಬೇಕು. ಮೊದಲ ಅಧ್ಯಾಯ, ಕೊನೆಯ ಅಧ್ಯಾಯ ಮತ್ತು ಲೇಖಕರ ಮಾತು ಓದಿ ಬರೆದ ಬೆನ್ನುಡಿ ಗೊತ್ತಾಗಿಬಿಡುತ್ತದೆ: ಅದರಲ್ಲಿ ವಿಷಯದ ಹೆಸರಿರುತ್ತದೆ, ವಿಷಯ ಇರುವುದಿಲ್ಲ. ಓದುವಾಗ ಪಕ್ಕದ ಹಾಳೆಯಲ್ಲಿ ನಾವು ಗುರುತು ಹಾಕಿಕೊಳ್ಳುವುದು ಇಷ್ಟನ್ನು. ಕಥೆ ನಿಜವಾಗಿ ಹೊರಳುವ ಪುಟ ಯಾವುದು. ಮುಖ್ಯ ಪಾತ್ರ ಯಾವುದನ್ನು ಕಳೆದುಕೊಳ್ಳುವ ಸ್ಥಿತಿಯಲ್ಲಿದೆ. ಕಣ್ಣಿಗೆ ಕಟ್ಟುವ ವಸ್ತುಗಳು, ಅಳತೆಗಳು, ಊರು, ಕಾಲ. ಲೇಖಕರು ಮತ್ತೆ ಮತ್ತೆ ಬಳಸುವ, ಅವರದೇ ಆದ ಮಾತುಗಳು. ಜೊತೆಗೆ, ತೆಗೆದು ಹಾಗೆಯೇ ಇಡಬಹುದಾದ ಎರಡು ಮೂರು ವಾಕ್ಯಗಳು. ಪುಟಸಂಖ್ಯೆ ಬರೆದುಕೊಳ್ಳುವುದು ಮುಖ್ಯ. ಕಾದಂಬರಿಯಾದರೆ ಮೊದಲ ಕಾಲುಭಾಗದ ಆಚೆಗಿನ ಸಂಗತಿಯನ್ನು ಹಿಂಬದಿಯಲ್ಲಿ ಬಿಟ್ಟುಕೊಡುವುದಿಲ್ಲ ಎಂಬುದು ನಮ್ಮ ಕಟ್ಟುಪಾಡು, ಆ ಗೆರೆ ಎಲ್ಲಿದೆ ಎಂದು ಪುಟಸಂಖ್ಯೆಯೇ ಹೇಳುತ್ತದೆ. ಪತ್ತೇದಾರಿ ಕಥೆಗೆ ಇನ್ನೂ ಬಿಗಿ, ಹತ್ತನೇ ಒಂದು ಭಾಗ ಸಾಕು.

ಈಗ ಕರಡು. ಉದಾಹರಣೆಗೆಂದೇ ಕಲ್ಪಿಸಿದ 240 ಪುಟಗಳ ಒಂದು ಕಾದಂಬರಿಯನ್ನು ತೆಗೆದುಕೊಳ್ಳೋಣ. ಇಂಜಿನಿಯರ್ ಒಬ್ಬಳು, ತಾನು ಹಿಂದೆ ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಸೇತುವೆಯನ್ನು ವರ್ಷಗಳ ನಂತರ ಮತ್ತೆ ಪರೀಕ್ಷಿಸಲು ಬರುತ್ತಾಳೆ. ಇದಕ್ಕೆ ಸಲೀಸಾಗಿ ಬರುವ ಮೊದಲ ಕರಡು ಹೀಗಿರುತ್ತದೆ:

“ಮಾನವ ಸಂಬಂಧಗಳ ಸೂಕ್ಷ್ಮ ಎಳೆಗಳನ್ನು ಹೃದಯಸ್ಪರ್ಶಿಯಾಗಿ ಕಟ್ಟಿಕೊಡುವ ಈ ಕಾದಂಬರಿ, ಬದುಕಿನ ನಾನಾ ಮಗ್ಗುಲುಗಳಿಗೆ ಕನ್ನಡಿ ಹಿಡಿಯುತ್ತಾ, ಕರ್ತವ್ಯ ಮತ್ತು ಆತ್ಮಸಾಕ್ಷಿಯ ನಡುವೆ ತೊಳಲಾಡುವ ಇಂಜಿನಿಯರ್ ಒಬ್ಬಳ ಅಂತರಂಗದ ಪಯಣವನ್ನು ವಿಶಿಷ್ಟ ಶೈಲಿಯಲ್ಲಿ ಅನಾವರಣಗೊಳಿಸುತ್ತದೆ. ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುವ ಈ ಕೃತಿ ಓದುಗರನ್ನು ಚಿಂತನೆಗೆ ಹಚ್ಚುವುದರಲ್ಲಿ ಸಂಶಯವಿಲ್ಲ.”

ವ್ಯಾಕರಣದಲ್ಲಿ ತಪ್ಪಿಲ್ಲ, ಹಿಂಬದಿಯಲ್ಲಿ ಅಚ್ಚಾದರೆ ಯಾರೂ ಆಕ್ಷೇಪ ಎತ್ತುವುದೂ ಇಲ್ಲ. ಆದರೆ “ಇಂಜಿನಿಯರ್” ತೆಗೆದು “ಶಿಕ್ಷಕಿ” ಎಂದು ಹಾಕಿ ನೋಡಿ, ಇದು ಬೇರೊಂದು ಕಾದಂಬರಿಯ ಬೆನ್ನುಡಿಯಾಗುತ್ತದೆ. “ವೈದ್ಯೆ” ಎಂದು ಹಾಕಿದರೆ ಇನ್ನೊಂದರದ್ದು. ಪ್ರತಿ ಕರಡಿಗೂ ನಾವು ಈ ಪರೀಕ್ಷೆ ಮಾಡುತ್ತೇವೆ: ಒಂದು ಪದ ಬದಲಿಸಿ ಬೇರೆ ಪುಸ್ತಕಕ್ಕೆ ಅಂಟಿಸಬಹುದಾದ ವಾಕ್ಯ ಹೊರಗೆ. ಈ ಕರಡಿನಲ್ಲಿ ಪರೀಕ್ಷೆ ದಾಟಿ ಉಳಿಯುವ ವಾಕ್ಯ ಒಂದೂ ಇಲ್ಲ.

ಗುರುತು ಹಾಕಿಕೊಂಡ ಹಾಳೆಗೆ ಮರಳಿ ಬರೆದ ಕರಡು ಇದು:

“ಸೇತುವೆಯ ಮೂರನೇ ಕಂಬದಲ್ಲಿ ಒಂದು ಬಿರುಕು. ಅಗಲ ಎರಡು ಮಿಲಿಮೀಟರ್. ಹದಿನೆಂಟು ವರ್ಷದ ಹಿಂದೆ ಈ ಸೇತುವೆ ಗಟ್ಟಿಯಾಗಿದೆ ಎಂದು ಸಹಿ ಹಾಕಿದವಳು ವಸುಧಾ. ಈಗ ಪರೀಕ್ಷೆಗೆ ಬಂದಿರುವವಳೂ ಅವಳೇ.

ಸೇತುವೆ ಮುಚ್ಚಿದರೆ ಆಚೆ ದಡದವರಿಗೆ ಶಾಲೆಯೂ ಇಲ್ಲ, ಆಸ್ಪತ್ರೆಯೂ ಇಲ್ಲ. ಮುಚ್ಚದಿದ್ದರೆ ಮಳೆಗಾಲ ಹತ್ತಿರದಲ್ಲಿದೆ. ಹಳೆಯ ಕಡತದಲ್ಲಿ ಅವಳ ಸಹಿಯ ಪಕ್ಕ ಇನ್ನೊಂದು ಸಹಿಯಿದೆ. ಆ ಮನುಷ್ಯ ಈಗ ಅವಳ ಗಂಡ.

ಹನ್ನೊಂದು ದಿನಗಳಲ್ಲಿ ನಡೆದು ಮುಗಿಯುವ ಕಾದಂಬರಿ.”

ಐವತ್ತು ಪದದ ಆಸುಪಾಸು. ಹಿಂಬದಿಯಲ್ಲಿ ಇನ್ನೂ ಜಾಗ ಉಳಿಯುತ್ತದೆ, ಬೇಕಾದರೆ ಒಬ್ಬರ ಮೆಚ್ಚುಗೆಯ ಮಾತು ಸೇರಿಸಬಹುದು. ಇಲ್ಲಿ “ಆತ್ಮಸಾಕ್ಷಿ” ಎಂಬ ಪದವೇ ಇಲ್ಲ, ಎರಡು ಸಹಿಗಳಿವೆ; ಆತ್ಮಸಾಕ್ಷಿಯ ಮಾತು ಓದುಗರಿಗೆ ತಾನಾಗಿಯೇ ಹೊಳೆಯುತ್ತದೆ. ಎರಡು ಮಿಲಿಮೀಟರ್, ಮೂರನೇ ಕಂಬ, ಹದಿನೆಂಟು ವರ್ಷ: ಮೂರೂ ಹಸ್ತಪ್ರತಿಯಿಂದ ಎತ್ತಿಕೊಂಡವು. ಗಂಡನ ಸಹಿಯ ಸಂಗತಿ 52ನೇ ಪುಟದಲ್ಲಿ ಬಯಲಾಗುತ್ತದೆ ಎಂದಿಟ್ಟುಕೊಳ್ಳಿ, ಅಲ್ಲಿಗೆ ಅದು ಕಾಲುಭಾಗದೊಳಗೇ ಇದೆ, ಹೇಳಬಹುದು. 130ನೇ ಪುಟದಲ್ಲಿ ಬಂದಿದ್ದರೆ ಆ ಸಾಲು ಎಷ್ಟೇ ಚೆನ್ನಾಗಿದ್ದರೂ ತೆಗೆಯಲೇಬೇಕಿತ್ತು. ಕೊನೆಯ ಸಾಲಿನಲ್ಲಿ ಹೊಗಳಿಕೆಯಿಲ್ಲ, ಕಾದಂಬರಿಯ ಕಾಲದ ವ್ಯಾಪ್ತಿಯಿದೆ. ವೇಗದ ಕಥೆ ಬಯಸುವವರಿಗೆ “ಒಂದೇ ಗುಕ್ಕಿಗೆ” ಎಂಬ ಹಳಸಿದ ಮಾತಿಗಿಂತ ಅದು ಹೆಚ್ಚು ಹೇಳುತ್ತದೆ.

“ಕೊನೆಗೆ ಒಂದು ಪ್ರಶ್ನೆ ಹಾಕಿ, ಕುತೂಹಲ ಇರಲಿ” ಎಂಬ ಒತ್ತಾಯ ಸಾಮಾನ್ಯ. “ವಸುಧಾ ಸತ್ಯ ಹೇಳುತ್ತಾಳೆಯೇ?” ಎಂಬ ಬಗೆಯ ಪ್ರಶ್ನೆಗಳನ್ನು ನಾವು ಆದಷ್ಟು ದೂರ ಇಡುತ್ತೇವೆ. ಉತ್ತರ ಹೌದು ಅಥವಾ ಇಲ್ಲ ಎಂದು ಮುಗಿಯುವ ಪ್ರಶ್ನೆ ಕಥೆಯನ್ನು ಕುಗ್ಗಿಸುತ್ತದೆ; ಹೌದೇ ಇರಬೇಕು ಎಂದು ಓದುಗರು ಅಲ್ಲೇ ಊಹಿಸಿಯೂ ಬಿಡುತ್ತಾರೆ.

ಸವೆದ ಮಾತುಗಳ ಒಂದು ಪಟ್ಟಿ ಮೇಜಿನ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು. ಅಪೂರ್ವ, ಅನನ್ಯ, ವಿಭಿನ್ನ, ವಿಶಿಷ್ಟ, ಮನಮುಟ್ಟುವ, ಮನೋಜ್ಞ, ಸಂಗ್ರಹಯೋಗ್ಯ, ಸಕಾಲಿಕ, ಓದಲೇಬೇಕಾದ, ಗಮನಾರ್ಹ, ಮಹತ್ವದ ಸೇರ್ಪಡೆ. ಕ್ರಿಯಾಪದಗಳೂ ಇವೆ: ಕಟ್ಟಿಕೊಡುತ್ತದೆ, ತೆರೆದಿಡುತ್ತದೆ, ಬೆಳಕು ಚೆಲ್ಲುತ್ತದೆ, ಕನ್ನಡಿ ಹಿಡಿಯುತ್ತದೆ, ಬಿಚ್ಚಿಡುತ್ತದೆ, ಮುಖಾಮುಖಿಯಾಗಿಸುತ್ತದೆ. ಇವುಗಳನ್ನು ಬಳಸಲೇಬಾರದು ಎಂದಲ್ಲ. ಬಳಸುವ ಮುನ್ನ ಯಾವ ಅರ್ಥದಲ್ಲಿ ಎಂದು ಕೇಳಿಕೊಂಡರೆ ಸಾಕು. “ವಿಭಿನ್ನ” ಎಂದರೆ ಹೇಗೆ ಭಿನ್ನ? ಕಥೆಯನ್ನು ಸತ್ತವರು ಹೇಳುತ್ತಾರೆಯೇ, ಇಡೀ ಪುಸ್ತಕ ಪತ್ರಗಳ ರೂಪದಲ್ಲಿದೆಯೇ? ಹಾಗಿದ್ದರೆ ಅದನ್ನೇ ಬರೆಯುವುದು. “ಸಂಗ್ರಹಯೋಗ್ಯ” ಎಂದರೆ ಕೊನೆಯಲ್ಲಿ ಪದಸೂಚಿ, ನಕ್ಷೆಗಳು, ಕಾಲಾನುಕ್ರಮಣಿಕೆ ಇವೆಯೇ? ಹಾಗಿದ್ದರೆ ಅವನ್ನು ಹೆಸರಿಸುವುದು. ಗುಣವಾಚಕದ ಹಿಂದೆ ಒಂದು ಸಂಗತಿ ಅಡಗಿದ್ದರೆ ಅದು ಹೀಗೆ ಹೊರಗೆ ಬರುತ್ತದೆ, ಇಲ್ಲದಿದ್ದರೆ ಪದ ತಾನಾಗಿಯೇ ಉದುರುತ್ತದೆ.

ಕನ್ನಡದ ವಾಕ್ಯರಚನೆಯಲ್ಲಿ ಒಂದು ತೊಡಕಿದೆ, ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಿಶೇಷಣಗಳೆಲ್ಲ ನಾಮಪದಕ್ಕಿಂತ ಮೊದಲೇ ಸಾಲುಗಟ್ಟುತ್ತವೆ. “ಹದಿನೆಂಟು ವರ್ಷದ ಹಿಂದೆ ತಾನೇ ಪರೀಕ್ಷಿಸಿ ಸಹಿ ಹಾಕಿದ, ಈಗ ಮೂರನೇ ಕಂಬದಲ್ಲಿ ಬಿರುಕು ಬಿಟ್ಟಿರುವ, ಮಳೆಗಾಲದೊಳಗೆ ಮುಚ್ಚಬೇಕೋ ಬೇಡವೋ ಎಂದು ತೀರ್ಮಾನವಾಗಬೇಕಿರುವ ಸೇತುವೆಯನ್ನು” ಎಂದು ಓದುತ್ತಾ ಹೋದವರಿಗೆ ಸೇತುವೆ ಎಂಬ ಮಾತು ಸಿಗುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಮುನ್ನುಡಿಯಲ್ಲಾದರೆ ಓದುಗರು ಸಹಿಸಿಕೊಂಡಾರು, ಕೈಯಲ್ಲಿ ಪುಸ್ತಕ ಹಿಡಿದು ನಿಂತವರು ಸಹಿಸಿಕೊಳ್ಳುವುದಿಲ್ಲ. ಆದ್ದರಿಂದ ಮೊದಲ ವಾಕ್ಯ ಏಳೆಂಟು ಪದ ಮೀರದಂತೆ ನೋಡಿಕೊಳ್ಳುತ್ತೇವೆ, ಮುಖ್ಯ ನಾಮಪದವನ್ನು ಆದಷ್ಟು ವಾಕ್ಯದ ಮೊದಲಿಗೆ ತರುತ್ತೇವೆ. ಕ್ರಿಯಾಪದವಿಲ್ಲದೆ ನಿಲ್ಲಬಲ್ಲ ವಾಕ್ಯಗಳು ಕನ್ನಡದಲ್ಲಿ ಧಾರಾಳವಾಗಿವೆ, “ಅಗಲ ಎರಡು ಮಿಲಿಮೀಟರ್” ಎಂಬಂಥವು. ಬೆನ್ನುಡಿಗೆ ಇವು ಹೇಳಿಮಾಡಿಸಿದಂತೆ ಒದಗುತ್ತವೆ, ಆದರೆ ಮಿತಿಮೀರಿದರೆ ತಂತಿ ಸಂದೇಶದ ಧಾಟಿ ಬರುತ್ತದೆ.

ಕೈಪಿಡಿ, ಸಂಶೋಧನೆ, ಆರೋಗ್ಯ, ಕಾನೂನು ಮುಂತಾದ ವಿಷಯಗಳ ಪುಸ್ತಕಗಳ ಹಿಂಬದಿ ಸುಲಭ. ಯಾರಿಗೆ, ಎಷ್ಟು ತಿಳಿದಿರಬೇಕು, ಓದಿದ ಮೇಲೆ ಏನು ಮಾಡಬಲ್ಲರು, ಒಳಗೆ ಏನೇನಿದೆ. ಇಲ್ಲಿ ಅಡಗಿಸುವಂಥದ್ದು ಏನೂ ಇಲ್ಲ, ಪುಸ್ತಕದ ಅತ್ಯಂತ ಉಪಯುಕ್ತ ಸಂಗತಿಯನ್ನು ನೇರವಾಗಿ ಮುಂದಿಟ್ಟರೂ ಮಾರಾಟಕ್ಕೆ ನಷ್ಟವಿಲ್ಲ. ಕವನ ಸಂಕಲನಕ್ಕೆ ನಾವು ವಿವರಣೆಯನ್ನೇ ಬರೆಯುವುದಿಲ್ಲ, ಒಂದು ಪದ್ಯದ ಆರೆಂಟು ಸಾಲು ಹಾಕುತ್ತೇವೆ.

ಇನ್ನು ಹೆಸರು ಹೊತ್ತ ಮೆಚ್ಚುಗೆಯ ಮಾತು. ಇಲ್ಲಿ ಬರೆಯುವುದಕ್ಕಿಂತ ಕೇಳಿ ಪಡೆಯುವುದು ದೊಡ್ಡ ಕೆಲಸ. ಮುದ್ರಣಕ್ಕೆ ಎರಡು ಮೂರು ತಿಂಗಳು ಮುಂಚೆ ಕೇಳಬೇಕು. ಹದಿನೈದು ದಿನವಿರುವಾಗ ಕೇಳಿದರೆ ಅವರು ಪುಸ್ತಕ ತಿರುವಿಹಾಕಿ ಮೇಲೆ ಹೇಳಿದ ಪಟ್ಟಿಯಿಂದಲೇ ನಾಲ್ಕು ಪದ ಆಯ್ದು ಕಳಿಸುತ್ತಾರೆ, ಅದು ಅವರ ತಪ್ಪೂ ಅಲ್ಲ. ಕಳಿಸುವ ಪತ್ರದಲ್ಲಿ ಯಾವ ತಾರೀಖಿನೊಳಗೆ ಬೇಕು, ಎಷ್ಟು ಪದ, ಎಲ್ಲಿ ಅಚ್ಚಾಗುತ್ತದೆ, ಆನ್‌ಲೈನ್ ಪುಟದಲ್ಲೂ ಜಾಹೀರಾತಿನಲ್ಲೂ ಬಳಸಬಹುದೇ, ಹೆಸರಿನ ಜೊತೆ ಏನು ಹಾಕಬೇಕು ಎಂಬ ಐದೂ ಇರಬೇಕು. “ಇಷ್ಟವಾಗದಿದ್ದರೆ ಬರೆಯಬೇಕಿಲ್ಲ” ಎಂಬ ಸಾಲನ್ನೂ ನಾವು ಸೇರಿಸುತ್ತೇವೆ. ಆ ಬಿಡುಗಡೆ ಕೊಟ್ಟಾಗ ಬರುವ ಮಾತುಗಳು ಹೆಚ್ಚು ನಿಜವಾಗಿರುತ್ತವೆ.

ಬಂದ ಮಾತು ಉದ್ದವಾಗಿದ್ದರೆ ಕತ್ತರಿಸಬೇಕಾಗುತ್ತದೆ. ಕತ್ತರಿಸಿದ ಜಾಗದಲ್ಲಿ ಮೂರು ಚುಕ್ಕಿ ಇಟ್ಟರಷ್ಟೇ ಸಾಲದು. “ಮೊದಲರ್ಧ ಎಳೆದಂತಿದ್ದರೂ ಕೊನೆಯ ಮೂರು ಅಧ್ಯಾಯಗಳು ಅಸಾಧಾರಣ” ಎಂಬುದರಿಂದ “ಅಸಾಧಾರಣ” ಒಂದನ್ನೇ ಎತ್ತಿಕೊಂಡರೆ ಅದು ಸುಳ್ಳು. ಕತ್ತರಿಸಿದ ರೂಪವನ್ನು ಬರೆದವರಿಗೆ ಮತ್ತೆ ಕಳಿಸಿ, ಅವರ ಒಪ್ಪಿಗೆಯ ಉತ್ತರವನ್ನು ಕಡತದಲ್ಲಿ ಇಟ್ಟುಕೊಳ್ಳುವುದು ಕಡ್ಡಾಯ. ಇಂಗ್ಲಿಷಿನಿಂದ ಅನುವಾದಿಸಿ ಹಾಕುವುದಾದರೆ ಅನುವಾದವನ್ನೂ ತೋರಿಸಬೇಕು.

ಒಪ್ಪಿಗೆಯ ಪ್ರಶ್ನೆ ಈ ಕಸುಬಿನಷ್ಟೇ ಹಳೆಯದು. ಅಮೆರಿಕದ ಕವಿ ವಾಲ್ಟ್ ವಿಟ್ಮನ್ 1855ರಲ್ಲಿ ತಮ್ಮ ಸಂಕಲನವನ್ನು ಹೆಸರಾಂತ ಚಿಂತಕ ರಾಲ್ಫ್ ವಾಲ್ಡೊ ಎಮರ್ಸನ್ ಅವರಿಗೆ ಕಳಿಸಿದರು. ಎಮರ್ಸನ್ ಮೆಚ್ಚಿ ಖಾಸಗಿ ಪತ್ರ ಬರೆದರು. 1856ರ ಎರಡನೇ ಆವೃತ್ತಿಯಲ್ಲಿ ವಿಟ್ಮನ್ ಆ ಪತ್ರದ ಒಂದು ಸಾಲನ್ನು, ದೊಡ್ಡ ಸಾಧನೆಯ ಹಾದಿಯ ಆರಂಭದಲ್ಲಿರುವ ನಿಮಗೆ ವಂದನೆ ಎಂಬರ್ಥದ ಮಾತನ್ನು, ಎಮರ್ಸನ್ ಹೆಸರಿನೊಂದಿಗೆ ಪುಸ್ತಕದ ಬೆನ್ನಿನ (ಸ್ಪೈನ್) ಮೇಲೆ ಚಿನ್ನದ ಅಕ್ಷರದಲ್ಲಿ ಅಚ್ಚೊತ್ತಿಸಿದರು. ಎಮರ್ಸನ್ನರನ್ನು ಕೇಳಿರಲಿಲ್ಲ. ಇಂದು ಫೋನಿನಲ್ಲಿ ಬಂದ ಮೆಚ್ಚುಗೆಯ ಸಂದೇಶವನ್ನು ಹಾಗೇ ಎತ್ತಿ ಜಾಹೀರಾತಿಗೆ ಹಾಕುವುದೂ ಇದೇ ಕೆಲಸ. ಸಂದೇಶ ಕಳಿಸಿದವರು ಗೆಳೆಯರೇ ಆಗಿರಲಿ, ಕೇಳಿಯೇ ಹಾಕಬೇಕು.

ದುಡ್ಡು ಕೊಟ್ಟು ಬರೆಸಿದ ಮೆಚ್ಚುಗೆಯ ವಿಷಯದಲ್ಲಿ ಕಾನೂನೂ ಬಿಗಿಯಾಗಿದೆ. ಭಾರತದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಶಿಫಾರಸು ಮಾಡುವವರಿಗೂ ವಸ್ತುವನ್ನು ಮಾರುವವರಿಗೂ ಹಣಕಾಸಿನ ಅಥವಾ ಬೇರೆ ಗಣನೀಯ ಸಂಬಂಧವಿದ್ದು, ಜನ ಅದನ್ನು ನಿರೀಕ್ಷಿಸಿರಲಾರರು ಎಂದಾದರೆ ಆ ಸಂಬಂಧವನ್ನು ಬಹಿರಂಗಪಡಿಸಬೇಕು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ನಕಲಿ ವಿಮರ್ಶೆಗಳನ್ನು ಕೊಳ್ಳುವುದನ್ನೂ ಮಾರುವುದನ್ನೂ ನಿಷೇಧಿಸುವ ನಿಯಮ ತಂದಿತು.

ರಕ್ಷಾಪುಟದ ಬರಹ ಮುಗಿದ ಕೂಡಲೇ ಪರದೆಯ ರೂಪಗಳು ಶುರು. ದೊಡ್ಡದನ್ನು ಕತ್ತರಿಸಿ ಸಣ್ಣದು ಮಾಡಲು ಹೊರಟರೆ ಕೈಕಾಲು ಮುರಿದ ವಾಕ್ಯಗಳು ಉಳಿಯುತ್ತವೆ. ಹಾಗಾಗಿ ಪ್ರತಿಯೊಂದನ್ನೂ ಹೊಸದಾಗಿ, ಅತಿ ಸಣ್ಣದರಿಂದ ಮೊದಲು ಮಾಡಿ ಬರೆಯುತ್ತೇವೆ. ಪುಸ್ತಕ ವ್ಯಾಪಾರದಲ್ಲಿ ಮಾಹಿತಿ ಹಂಚಲು ಬಳಸುವ ಓನಿಕ್ಸ್ ಮಾನದಂಡದಲ್ಲಿ ಕಿರುವಿವರಣೆಗೆ 350 ಅಕ್ಷರಗಳ ಮಿತಿಯಿದೆ. ಲೇಖಕರೇ ಪುಸ್ತಕ ಪ್ರಕಟಿಸಬಹುದಾದ ಅಮೆಜಾನ್ ಕೆಡಿಪಿಯಲ್ಲಿ ಪುಸ್ತಕದ ವಿವರಣೆಗೆ 4000. ಆ್ಯಪ್‌ಗಳಿಗೆ ಬರೆಯುವವರಿಗೆ ಗೂಗಲ್ ಪ್ಲೇ ಕೊಡುವುದು ಹೆಸರಿಗೆ 30, ಕಿರುವಿವರಣೆಗೆ 80, ಪೂರ್ಣ ವಿವರಣೆಗೆ 4000. ಆ್ಯಪಲ್‌ನ ಅಂಗಡಿಯಲ್ಲಿ ಹೆಸರಿಗೂ ಉಪಶೀರ್ಷಿಕೆಗೂ ತಲಾ 30, ಪ್ರಚಾರದ ಬರಹಕ್ಕೆ 170. ನಾಲ್ಕು ಸಾವಿರದ ಅವಕಾಶವಿದ್ದರೂ ಪರದೆಯ ಮೇಲೆ ಮೊದಲು ಕಾಣುವುದು ಎರಡು ಮೂರು ಸಾಲು, ಉಳಿದದ್ದು ಒತ್ತಿದರೆ ತೆರೆದುಕೊಳ್ಳುತ್ತದೆ. ಗೂಗಲ್ ಹುಡುಕಾಟದ ಫಲಿತಾಂಶದಲ್ಲಿ ವಿವರಣೆ ಕತ್ತರಿಸಿಹೋಗುವುದು ಪರದೆಯ ಮೇಲಿನ ಅಗಲದ ಲೆಕ್ಕದಲ್ಲಿ. ಕನ್ನಡದ ಅಕ್ಷರಗಳು ಅಗಲವಾದ್ದರಿಂದ, ಇಂಗ್ಲಿಷಿಗೆ ರೂಢಿಯಲ್ಲಿರುವ 150-160 ಅಕ್ಷರಗಳ ಅಂದಾಜನ್ನು ನಂಬಿ ಕನ್ನಡದಲ್ಲಿ ಬರೆದರೆ ವಾಕ್ಯದ ಕೊನೆ, ಅಂದರೆ ನಮ್ಮ ಕ್ರಿಯಾಪದವೇ, ಕಾಣದೆ ಹೋಗಬಹುದು.

ಅಕ್ಷರ ಎಣಿಸುವುದರಲ್ಲೂ ಮೋಸಹೋಗುವ ಜಾಗವಿದೆ. ಯೂನಿಕೋಡ್‌ನಲ್ಲಿ ಗುಣಿತದ ಚಿಹ್ನೆ ಬೇರೆ, ಒತ್ತಕ್ಷರ ತರಿಸುವ ವಿರಾಮ (ಹಲಂತ) ಬೇರೆ. “ಪುಸ್ತಕ” ನಮ್ಮ ಕಣ್ಣಿಗೆ ಮೂರಕ್ಷರ, ಯಂತ್ರದ ಲೆಕ್ಕದಲ್ಲಿ ಆರು: ಪ, ಉಕಾರದ ಚಿಹ್ನೆ, ಸ, ವಿರಾಮ, ತ, ಕ. “ಸ್ತ್ರೀ” ಎಂಬ ಒಂದೇ ಅಕ್ಷರ ಕೂಡ ಆರು. ಸರಾಸರಿ ನಮ್ಮ ಎಣಿಕೆಯ ಎರಡರಷ್ಟು ಹತ್ತಿರ ಬರುತ್ತದೆ ಎಂದಿಟ್ಟುಕೊಂಡು ಬರೆದರೆ ಮಿತಿ ಮೀರುವುದಿಲ್ಲ. ಖರ್ಚಿನ ಲೆಕ್ಕ ಇಡುವ ಆ್ಯಪ್ ಒಂದಕ್ಕೆ “ದಿನದ ಖರ್ಚು ಬರೆದಿಡಿ; ತಿಂಗಳ ಕೊನೆಗೆ ಲೆಕ್ಕ ತಾನಾಗಿಯೇ ಸಿಗುತ್ತದೆ.” ಎಂದು ಬರೆದರೆ ಖಾಲಿ ಜಾಗ, ಚಿಹ್ನೆ ಎಲ್ಲ ಸೇರಿ 58, ಎಂಬತ್ತರೊಳಗೆ ಕೂರುತ್ತದೆ. ಎಸ್‌ಎಂಎಸ್ ಇನ್ನೂ ಬಿಗಿ: ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160, ಯೂನಿಕೋಡ್ ಕನ್ನಡಕ್ಕೆ 70. ಎಪ್ಪತ್ತು ದಾಟಿದರೆ ಸಂದೇಶ 67ರ ತುಂಡುಗಳಾಗಿ ಒಡೆಯುತ್ತದೆ, ಪ್ರತಿ ತುಂಡಿಗೂ ಬೇರೆ ಹಣ. ಪುಸ್ತಕ ಬಿಡುಗಡೆಯ ಸಂದೇಶಕ್ಕೆ ಶೀರ್ಷಿಕೆ, ದಿನ, ಸ್ಥಳ ಇಷ್ಟೇ ಸಾಕು.

ಕೊನೆಯ ಹಂತ ವಿನ್ಯಾಸಕಾರರ ಮೇಜು, ಹೆಚ್ಚು ಕೆಡುವುದೂ ಅಲ್ಲೇ. ಯೂನಿಕೋಡ್‌ನಲ್ಲಿ ಕೊಟ್ಟ ಬರಹವನ್ನು ಹಳೆಯ ತಂತ್ರಾಂಶಕ್ಕಾಗಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಅಕ್ಷರಶೈಲಿಗೆ ಪರಿವರ್ತಿಸುವಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ, ಒತ್ತಕ್ಷರದ ಕೆಳಗಿನ ಒತ್ತಕ್ಷರ ಬಿಟ್ಟುಹೋಗುತ್ತದೆ, “ಟ್ಯಾಗ್‌ಲೈನ್” ಎಂಬಂಥ ಪದಗಳಲ್ಲಿ ಗ್ ಮತ್ತು ಲೈ ಕೂಡಿಕೊಂಡು ಓದಲಾಗದ ಆಕಾರ ಬರುತ್ತದೆ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್ ಬಳಸುವವರು ಪ್ಯಾರಾದ ಆಯ್ಕೆಗಳಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಳ್ಳದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಪುಸ್ತಕದ ಒಳಪುಟಗಳ ಕರಡನ್ನು ಮೂರು ಮಂದಿ ತಿದ್ದಿರುತ್ತಾರೆ. ರಕ್ಷಾಪುಟ ಮಾತ್ರ ಚಿತ್ರವಾಗಿ ಬರುತ್ತದೆ, ಬಣ್ಣ ನೋಡಿ “ಚೆನ್ನಾಗಿದೆ” ಎಂದು ಒಪ್ಪಿಗೆ ಕೊಟ್ಟುಬಿಡುತ್ತಾರೆ. ಎಲ್ಲರ ಕಣ್ಣಿಗೂ ಬೀಳುವ ಪುಟದಲ್ಲಿ ಅಕ್ಷರದೋಷ ಉಳಿಯುವುದು ಹೀಗೆ.

ಆದ್ದರಿಂದ ರಕ್ಷಾಪುಟವನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ತೆಗೆಸಿ, ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಮೂಲ ನೋಡಿಕೊಳ್ಳುತ್ತೇವೆ. ಎರಡು ಬದಿಗೂ ಸಮನಾಗಿ ಜೋಡಿಸಿದ ಸಾಲುಗಳನ್ನು ಎಡಕ್ಕೆ ಮಾತ್ರ ಜೋಡಿಸಲು ಕೇಳುತ್ತೇವೆ. ಕನ್ನಡದ ಪದಗಳು ಉದ್ದ, ಸಾಲಿಗೆ ಐದೇ ಪದವಿದ್ದಾಗ ನಡುವೆ ದೊಡ್ಡ ಕಂಡಿಗಳು ಬೀಳುತ್ತವೆ. ಸಾಲಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ, “ಸ್ತ್ರ”, “ಷ್ಟ್ರ” ಇರುವ ಪದಗಳನ್ನು ಹುಡುಕಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರವಿದ್ದರೆ ಶಾಯಿ ಹರಡಿ ಒತ್ತಕ್ಷರದ ಒಳಗಿನ ಸಣ್ಣ ಕಂಡಿಗಳು ಮುಚ್ಚಿಹೋಗುತ್ತವೆ. ಒಂದು ಪಾಯಿಂಟ್ ದೊಡ್ಡದು ಮಾಡಿ, ಸ್ವಲ್ಪ ದಪ್ಪದ ಅಕ್ಷರಶೈಲಿ ಆರಿಸಬೇಕು.

ಬರಹದ ಸಂಗತಿಗಳನ್ನು ಅಂತಿಮ ಹಸ್ತಪ್ರತಿಯೊಂದಿಗೆ ಮತ್ತೊಮ್ಮೆ ತಾಳೆ ನೋಡುವುದೂ ಇದೇ ಹೊತ್ತಿಗೆ. ಬೆನ್ನುಡಿ ಬರೆದ ಮೇಲೆ ಲೇಖಕರು ಕೊನೆಯ ತಿದ್ದುಪಡಿಯಲ್ಲಿ ಪಾತ್ರದ ಹೆಸರು ಬದಲಿಸಿರಬಹುದು, ಹದಿನೆಂಟು ವರ್ಷ ಇಪ್ಪತ್ತಾಗಿರಬಹುದು, ಮೂರನೇ ಕಂಬ ನಾಲ್ಕನೆಯದಾಗಿರಬಹುದು. ಬಾರ್‌ಕೋಡಿನ ಹದಿಮೂರು ಅಂಕಿಗಳನ್ನು ಒಳಪುಟದಲ್ಲಿರುವ ಐಎಸ್‌ಬಿಎನ್ ಜೊತೆ ಒಂದೊಂದಾಗಿ ಹೋಲಿಸುತ್ತೇವೆ. ಹೊಗಳಿದವರ ಹೆಸರಿನ ಕಾಗುಣಿತವನ್ನು ಅವರು ಸ್ವತಃ ಬರೆದ ರೂಪದಲ್ಲೇ ಇಡುತ್ತೇವೆ.

ಅಚ್ಚಾದ ಮೇಲೆ ಅಂತಿಮ ಬರಹವನ್ನು, ವಿನ್ಯಾಸದ ಕಡತದಿಂದ ನಕಲು ಮಾಡದೆ, ಬರಿಯ ಯೂನಿಕೋಡ್ ಪಠ್ಯವಾಗಿ ಉದ್ದ, ಮಧ್ಯಮ, ಸಣ್ಣ ಎಂಬ ಮೂರು ರೂಪದಲ್ಲಿ ತಾರೀಖು ಹಾಕಿ ಉಳಿಸಿಕೊಳ್ಳುತ್ತೇವೆ. ಅಂಗಡಿಯವರು, ಗ್ರಂಥಾಲಯದವರು, ಪತ್ರಿಕೆಯವರು ಕೇಳಿದಾಗಲೆಲ್ಲ ಹೋಗುವುದು ಅದೇ. ಮರುಮುದ್ರಣದ ಮಾತು ಬಂದಾಗ ಮೊದಲು ತೆರೆಯುವುದೂ ಅದನ್ನೇ. “ಲೇಖಕಿಯ ಮೊದಲ ಕಾದಂಬರಿ”, “ಇತ್ತೀಚೆಗೆ”, “ಈ ವರ್ಷ”, ಬದಲಾಗಿರುವ ಉದ್ಯೋಗ, ಮುಚ್ಚಿಹೋದ ಪತ್ರಿಕೆಯ ಹೆಸರು ಇಂಥವನ್ನೆಲ್ಲ ಗುರುತು ಹಾಕಿ ತಿದ್ದಿ, ಮತ್ತೊಮ್ಮೆ ಕಾಗದದ ಮೇಲೆ ತೆಗೆಸಿ ಓದಿದ ಮೇಲೆಯೇ ಪ್ರೆಸ್ಸಿಗೆ ಕಳಿಸುತ್ತೇವೆ.